ಕಿತ್ತೂರಿನ ಕೈದಿ, ಕಾಡುಬೆಕ್ಕಿನ ದಾಖಲೆಗಾರ: ವಾಲ್ಟರ್ ಎಲಿಯಟ್

ಈ ಸಂಚಿಕೆಗೆ ನಾವು ಬರೀಬೇಕು ಅಂತ ಹೊರಟಿದ್ದು ಬೇರೆಯದೇ ವಿಷಯ. ದಕ್ಷಿಣ ಅಮೆರಿಕದ ಪಂಪಾಸ್ ಹುಲ್ಲುಗಾವಲಿನಲ್ಲಿ ಒಂದು ಸಣ್ಣ ಕಾಡುಬೆಕ್ಕು ಇದೆ. ಮನೆ ಬೆಕ್ಕಿಗಿಂತ ತುಸು ಗಟ್ಟಿ ಮೈ, ಒಣಗಿದ ಹುಲ್ಲಿನ ಬಣ್ಣ, ಕಾಲಿಗೆ ಕಪ್ಪು ಪಟ್ಟೆ. ಅಲ್ಲಿನವರು ಅದನ್ನು ಕರೆಯೋದೇ ಹುಲ್ಲಿನ ಬೆಕ್ಕು ಅಂತ. ಸ್ಪ್ಯಾನಿಷ್‌ನಲ್ಲಿ ಪಾಹಾ ಅಂದ್ರೆ ಒಣಹುಲ್ಲು, ಅದರಿಂದ ಪಾಹೆರೊ. ಬೀಗಲ್ ಹಡಗಿನಲ್ಲಿ ಲೋಕ ಸುತ್ತುತ್ತಿದ್ದ ಚಾರ್ಲ್ಸ್ ಡಾರ್ವಿನ್‌ಗೆ 1834ರಲ್ಲಿ ಪ್ಯಾಟಗೋನಿಯಾದ ಸಾಂತಾ ಕ್ರೂಸ್‌ನಲ್ಲಿ ಇದು ಸಿಕ್ಕಿತ್ತು. ಎಬ್ಬಿಸಿದರೂ ಓಡಿಹೋಗದೆ, ಮೈ ಸೆಟೆಸಿ ನಿಂತು ಬುಸುಗುಟ್ಟಿತು ಅಂತ ಬರೆದಿಟ್ಟಿದ್ದಾನೆ. 2020ರಲ್ಲಿ ಕೆಲವು ವಿಜ್ಞಾನಿಗಳು ಇದು ಒಂದು ಜಾತಿಯಲ್ಲ, ಐದು ಬೇರೆ ಬೇರೆ ಜಾತಿ ಅಂತ ವಾದ ಮುಂದಿಟ್ಟರು.

ಇಷ್ಟನ್ನು ಕ್ಲಬ್ಬಿನ ಮೀಟಿಂಗಿನಲ್ಲಿ ಓದಿದಾಗ ಖಾನಾಪುರ ಕಡೆಯ ನಮ್ಮ ಗೆಳೆಯನೊಬ್ಬ ಸುಮ್ಮನೆ ಒಂದು ಪ್ರಶ್ನೆ ಹಾಕಿದ. ಅವರ ಊರಲ್ಲಿ ಕಬ್ಬು ಕಡಿಯುವಾಗ ಇಂಥದ್ದೇ ಹುಲ್ಲಿನ ಬಣ್ಣದ ಬೆಕ್ಕು ಒಮ್ಮೊಮ್ಮೆ ಎದ್ದು ಓಡುತ್ತದಂತೆ. ಅದರ ಬಗ್ಗೆ ಯಾರು ಬರೆದಿದ್ದಾರೆ, ಯಾವಾಗ ಬರೆದಿದ್ದಾರೆ ಅಂತ ಕೇಳಿದ. ಅರ್ಜೆಂಟೀನಾದ ಬೆಕ್ಕಿನ ತೂಕ ಗೊತ್ತಿದ್ದ ನಮಗೆ ನಮ್ಮ ಹೊಲದ ಬೆಕ್ಕಿನ ಬಗ್ಗೆ ಒಂದು ಸಾಲೂ ಗೊತ್ತಿರಲಿಲ್ಲ. ನಾಚಿಕೆ ಆಯ್ತು ಅಂತಲೇ ಹೇಳಬೇಕು.

ಹುಡುಕುತ್ತ ಹೋದಾಗ ಮತ್ತೆ ಡಾರ್ವಿನ್ನೇ ಎದುರಾದ. 1868ರಲ್ಲಿ ಬಂದ ಅವನ ಇನ್ನೊಂದು ಪುಸ್ತಕದಲ್ಲಿ ಸಾಕುಪ್ರಾಣಿಗಳ ವಿಚಾರ ಬರೆಯುವಾಗ, ಭಾರತದ ಕಾಡುಬೆಕ್ಕಿನ ಸುದ್ದಿ ಕೊಟ್ಟವನು ಅಂತ ಒಂದು ಹೆಸರಿದೆ: ಸರ್ ವಾಲ್ಟರ್ ಎಲಿಯಟ್. ಆ ಹೆಸರನ್ನು ನಾವೆಲ್ಲ ಬೇರೆ ಕಡೆ ಕೇಳಿದ್ವಿ. 1824ರಲ್ಲಿ ಕಿತ್ತೂರು ರಾಣಿ ಚೆನ್ನಮ್ಮನ ಸೆರೆಯಲ್ಲಿದ್ದ ಇಬ್ಬರು ಬ್ರಿಟಿಷ್ ಅಧಿಕಾರಿಗಳಲ್ಲಿ ಒಬ್ಬ. ಅವನೇ ಇವನು. ಪಂಪಾಸಿನ ಬೆಕ್ಕನ್ನು ಅಲ್ಲೇ ಬಿಟ್ಟು ಇವನ ಹಿಂದೆ ಬಿದ್ದೆವು.

ಎಲಿಯಟ್ ಹುಟ್ಟಿದ್ದು 1803ರ ಜನವರಿ 16ರಂದು, ಸ್ಕಾಟ್ಲೆಂಡಿನಲ್ಲಿ. ವುಲ್ಫಲೀ ಅನ್ನೋ ಊರಿನ ಜಮೀನ್ದಾರಿ ಮನೆತನ. ಹದಿನೈದನೇ ವಯಸ್ಸಿಗೇ ಈಸ್ಟ್ ಇಂಡಿಯಾ ಕಂಪನಿಯ ನೌಕರರನ್ನು ತಯಾರು ಮಾಡುವ ಹೇಲಿಬರಿ ಕಾಲೇಜು ಸೇರಿದ. 1821ರಲ್ಲಿ ಮದ್ರಾಸಿಗೆ ಬಂದಿಳಿದಾಗ ಅವನಿಗೆ ಹದಿನೆಂಟು, ಅಂದ್ರೆ ನಮ್ಮ ಫಸ್ಟ್ ಸೆಮಿಸ್ಟರ್ ಹುಡುಗರ ವಯಸ್ಸು. ಮೊದಲು ಸೇಲಂನಲ್ಲಿ ಸಹಾಯಕನ ಕೆಲಸ. ಸ್ವಲ್ಪ ದಿನಕ್ಕೇ ದಕ್ಷಿಣ ಮರಾಠಾ ಸೀಮೆಗೆ ವರ್ಗ. ಈ ಹೆಸರು ಕೇಳಿ ಗೊಂದಲ ಆಗಬೇಡಿ. ಪೇಶ್ವೆಯರಿಂದ ಕಂಪನಿಯ ಕೈಗೆ ಬಂದ ನಮ್ಮ ಧಾರವಾಡ, ಬೆಳಗಾವಿ ಭಾಗದ ಕನ್ನಡ ನಾಡನ್ನೇ ಆಗ ಹಾಗೆ ಕರೆಯುತ್ತಿದ್ದರು. ಆಡಳಿತದ ಕೇಂದ್ರ ಧಾರವಾಡ. ಬೆಳಗಾವಿ ಬೇರೆ ಜಿಲ್ಲೆ ಆಗಿದ್ದು ಮುಂದೆ, 1836ರಲ್ಲಿ.

ಬಂದ ಮೊದಲ ವರ್ಷದಲ್ಲೇ ಕಿತ್ತೂರಿನ ಪ್ರಕರಣ. ದೊರೆ ಶಿವಲಿಂಗರುದ್ರ ಸರ್ಜ ತೀರಿಕೊಂಡಿದ್ದ, ದತ್ತು ಮಗನನ್ನು ಕಂಪನಿ ಒಪ್ಪಲಿಲ್ಲ, ಕಲೆಕ್ಟರ್ ಥ್ಯಾಕರೆ ಸಂಸ್ಥಾನದ ಖಜಾನೆಗೆ ಮುದ್ರೆ ಹಾಕಲು ಹೋದ. 1824ರ ಅಕ್ಟೋಬರ್ 23ರಂದು ಕೋಟೆಯಿಂದ ಹೊರಬಿದ್ದ ಕಿತ್ತೂರಿನ ಸೈನ್ಯ ಕಂಪನಿಯ ಪಡೆಯನ್ನು ಮುರಿಯಿತು. ಥ್ಯಾಕರೆ ಸತ್ತ, ಅವನ ಜೊತೆಗಿದ್ದ ಸೇನಾಧಿಕಾರಿಗಳೂ ಸತ್ತರು. ಸಹಾಯಕರಾದ ಎಲಿಯಟ್ ಮತ್ತು ಸ್ಟೀವನ್ಸನ್ ಸೆರೆಸಿಕ್ಕರು. ಎಲಿಯಟ್‌ಗೆ ಆಗ 21 ವರ್ಷ.

ವಾರಗಟ್ಟಲೆ ಅವರು ಕೋಟೆಯೊಳಗೇ ಇದ್ದರು. ಹೊರಗೆ ಕಂಪನಿ ದೊಡ್ಡ ಸೈನ್ಯ ಕೂಡಿಸುತ್ತಿತ್ತು, ಒಳಗೆ ಇವರ ಪ್ರಾಣ ರಾಣಿಯ ಒಂದು ಮಾತಿನ ಮೇಲಿತ್ತು. ಆ ಮಾತು ಹೊರಬೀಳಲಿಲ್ಲ. ಇಬ್ಬರೂ ಜೀವಂತ ಬಿಡುಗಡೆಯಾದರು. ಅವರನ್ನು ಬಿಟ್ಟುಕೊಟ್ಟ ಮೇಲೂ ಕಂಪನಿ ಕಿತ್ತೂರನ್ನು ಬಿಡಲಿಲ್ಲ. ಡಿಸೆಂಬರಿನಲ್ಲಿ ಕೋಟೆ ಬಿತ್ತು. ಚೆನ್ನಮ್ಮ ಬೈಲಹೊಂಗಲದ ಸೆರೆಯಲ್ಲೇ 1829ರಲ್ಲಿ ತೀರಿಕೊಂಡಳು. ಸೆರೆಹಿಡಿದವಳು ಸೆರೆಯಲ್ಲೇ ಸತ್ತಳು, ಸೆರೆಸಿಕ್ಕವನು 84 ವರ್ಷ ಬದುಕಿದ. ಎಲಿಯಟ್‌ನ ಬಗ್ಗೆ ಮುಂದೆ ಏನೇ ಒಳ್ಳೇದು ಬರೆದರೂ ಈ ಲೆಕ್ಕವನ್ನು ಮರೆತು ಬರೆಯಬಾರದು ಅಂತ ನಾವು ಮೊದಲೇ ತೀರ್ಮಾನ ಮಾಡಿಕೊಂಡೆವು.

ಇನ್ನೊಬ್ಬನಾಗಿದ್ದರೆ ಈ ಸೀಮೆಯ ಹೆಸರು ಕೇಳಿದರೂ ನಡುಗಿ ವರ್ಗಾವಣೆ ಬೇಡುತ್ತಿದ್ದನೇನೋ. ಎಲಿಯಟ್ ಇಲ್ಲೇ ಉಳಿದ. 1830ರ ಕೊನೆಗೆ ಈ ಭಾಗ ಮದ್ರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿದಾಗ ನಿಯಮದ ಪ್ರಕಾರ ಅವನು ಮದ್ರಾಸಿಗೆ ವಾಪಸ್ ಹೋಗಬೇಕಿತ್ತು. ಮುಂಬಯಿ ಗವರ್ನರ್ ಸರ್ ಜಾನ್ ಮಾಲ್ಕಮ್ ವಿಶೇಷವಾಗಿ ಕೇಳಿಕೊಂಡು 1833ರವರೆಗೆ ಇಲ್ಲೇ ಇರಿಸಿಕೊಂಡ. ಸುಮಾರು ಹತ್ತು ವರ್ಷ ಆತ ಕುದುರೆ ಮೇಲೆ ಈ ನಾಡು ಸುತ್ತಿದ. ಕಂದಾಯ ಕೆಲಸ ಅಂದ್ರೆ ಆಗ ಊರೂರು ತಿರುಗೋದೇ. ತಿರುಗುವಾಗ ಕಣ್ಣಿಗೆ ಬಿದ್ದ ಎರಡು ಸಂಗತಿ ಅವನನ್ನು ಹಿಡಿದವು. ಒಂದು, ಗುಡಿ ಮುಂದೆ, ಕೆರೆ ದಂಡೆ ಮೇಲೆ ನಿಂತಿದ್ದ ಕಲ್ಲಿನ ಶಾಸನಗಳು. ಇನ್ನೊಂದು, ಹೊಲ ಹುಲ್ಲುಗಾವಲಿನ ಪ್ರಾಣಿಗಳು.

ಶಾಸನದ ಕಥೆ ಕನ್ನಡದವರಿಗೆ ಸ್ವಲ್ಪ ಗೊತ್ತು. ಸಹಾಯಕರನ್ನು ಇಟ್ಟುಕೊಂಡು ಅವನು ಕೂಡಿಸಿದ ಶಾಸನಗಳ ನಕಲುಗಳು 595. ಕರ್ನಾಟಕ ದೇಶದ ಶಾಸನಗಳು ಅನ್ನೋ ಹೆಸರಿನಲ್ಲೇ ಅವನ್ನು ಸಂಪುಟ ಮಾಡಿಸಿದ. 1837ರಲ್ಲಿ ರಾಯಲ್ ಏಷಿಯಾಟಿಕ್ ಸೊಸೈಟಿಯ ಪತ್ರಿಕೆಯಲ್ಲಿ ಅವುಗಳ ಆಧಾರದ ಮೇಲೆ ಚಾಲುಕ್ಯರೇ ಮೊದಲಾದವರ ವಂಶಾವಳಿ ಬರೆದ. ಮುಂದೆ ಜೆ. ಎಫ್. ಫ್ಲೀಟ್ ಕನ್ನಡ ಜಿಲ್ಲೆಗಳ ರಾಜವಂಶಗಳ ಚರಿತ್ರೆ ಬರೆಯುವಾಗ ಈ ಸಂಗ್ರಹ ಅವನ ಕೈಲಿತ್ತು. ಕಚೇರಿಯಲ್ಲೂ ಶಾಲೆಯಲ್ಲೂ ಮರಾಠಿಯೇ ನಡೆಯುತ್ತಿದ್ದ ಕಾಲದಲ್ಲಿ, ಇಲ್ಲಿನ ಜನರ ಭಾಷೆ ಕನ್ನಡ ಅಂತ ಗುರುತಿಸಿ ಧಾರವಾಡದಲ್ಲಿ ಕನ್ನಡ ಶಾಲೆಗೆ ಒತ್ತಾಸೆ ಕೊಟ್ಟವನು ಅಂತಲೂ ನಮ್ಮ ಕಡೆಯ ಚರಿತ್ರೆಕಾರರು ಎಲಿಯಟ್‌ನನ್ನು ನೆನೆಯುತ್ತಾರೆ.

ಪ್ರಾಣಿಗಳ ಕಥೆ ಮಾತ್ರ ನಮಗೆ ಯಾರೂ ಹೇಳಿರಲಿಲ್ಲ. 1839ರಲ್ಲಿ ಮದ್ರಾಸಿನ ಸಾಹಿತ್ಯ ವಿಜ್ಞಾನ ಪತ್ರಿಕೆಯಲ್ಲಿ ಅವನ ಒಂದು ಉದ್ದ ಬರಹ ಬಂತು. ದಕ್ಷಿಣ ಮರಾಠಾ ಸೀಮೆಯ ಸಸ್ತನಿಗಳ ಪಟ್ಟಿ. ಹೆಸರಿಗೆ ಪಟ್ಟಿ, ಒಳಗೆ ನೋಡಿದ್ರೆ ಫೀಲ್ಡ್ ನೋಟ್‌ಬುಕ್. ಅಳತೆ, ಬಣ್ಣ, ಎಲ್ಲಿ ಸಿಕ್ಕಿತು, ಏನು ತಿನ್ನುತ್ತದೆ, ಬಿಲ ಹೇಗೆ ತೋಡುತ್ತದೆ, ಎಲ್ಲ ಇದೆ. ಘಟ್ಟದ ಕಾಡುಕೋಣ, ಬಯಲಿನಲ್ಲಿ ಚಿಗರೆಯನ್ನು ಹೊಂಚಿ ಹಿಡಿಯುವ ತೋಳ, ಕಾಡುಬೆಕ್ಕು, ಇಲಿ ಹೆಗ್ಗಣ ಎಲ್ಲವೂ ಇವೆ. ಜೊತೆಗೆ ಪ್ರತಿ ಪ್ರಾಣಿಗೂ ಇಲ್ಲಿನ ಜನ ಏನಂತಾರೆ ಅನ್ನೋದನ್ನು ಬಿಡದೆ ಬರೆದಿದ್ದಾನೆ. ಕನ್ನಡದ ಹೆಸರು, ಮರಾಠಿ ಹೆಸರು, ವಡ್ಡರು ಕರೆಯುವ ಹೆಸರು.

ಈ ವಡ್ಡರ ಬಗ್ಗೆ ಎರಡು ಮಾತು. ಕೆರೆ ತೋಡಿದವರು, ಬಾವಿ ಅಗೆದವರು, ಕಲ್ಲು ಒಡೆದವರು ಅವರು. ನಮ್ಮ ಸಿವಿಲ್ ಬ್ರಾಂಚಿನವರು ಹಿರಿಯರು ಅಂತ ನಮಸ್ಕಾರ ಮಾಡಬೇಕಾದ ಜನ. ದಿನವೆಲ್ಲ ಮಣ್ಣಿನ ಜೊತೆ ಇರುವವರಿಗೆ ಮಣ್ಣೊಳಗಿನ ಜೀವಗಳ ಪರಿಚಯ ಇರದೆ ಇರುತ್ತದೆಯೇ? ಯಾವ ಬಿಲ ಯಾವ ಇಲಿಯದು ಅಂತ ಅವರು ದೂರದಿಂದಲೇ ಹೇಳಬಲ್ಲವರಾಗಿದ್ದರು. ಬಿಲದ ಬಾಯಿಗೆ ಸಣ್ಣ ಸಣ್ಣ ಹರಳುಕಲ್ಲು ಕೂಡಿಸುವ ಮುಳ್ಳುಗೂದಲಿನ ಇಲಿಯೊಂದಿದೆ. ಅವರಿಗೆ ಅದು ಬೇರೆ, ಮೆತ್ತನೆ ತುಪ್ಪಳದ ಹೊಲದ ಇಲಿ ಬೇರೆ. ಈ ಮೆತ್ತನೆ ಇಲಿಯನ್ನು ವಡ್ಡರು ಮೆಟ್ಟಾಡೆ ಅಂತಿದ್ದರು. ಎಲಿಯಟ್ ಕಳಿಸಿದ ಮಾದರಿ ಲಂಡನ್ ತಲುಪಿ, ಜಾನ್ ಎಡ್ವರ್ಡ್ ಗ್ರೇ 1837ರಲ್ಲಿ ಅದಕ್ಕೆ ಶಾಸ್ತ್ರೀಯ ಹೆಸರು ಕೊಡುವಾಗ ಮೆಟ್ಟಾಡೆ ಹೋಗಿ ಮೆಲ್ಟಾಡ ಆಯ್ತು. ಇವತ್ತಿಗೂ ಅದು ಮಿಲಾರ್ಡಿಯಾ ಮೆಲ್ಟಾಡ. ಇನ್ನೊಂದು ಪೊದೆಯಿಲಿಗೆ ಗ್ರೇ ಕೊಟ್ಟ ಹೆಸರು ಗೊಲುಂಡ ಎಲಿಯಟಿ. ಎಲಿಯಟಿ ಸಾಹೇಬನ ನೆನಪಿಗೆ, ಗೊಲುಂಡ ಇಲ್ಲಿನ ಜನ ಕರೆಯುತ್ತಿದ್ದ ಹೆಸರಿನಿಂದ. ನಮ್ಮ ನಾಡಿನ ಬಾಯಿಮಾತು ಲ್ಯಾಟಿನ್ ವೇಷ ಹಾಕಿಕೊಂಡು ಜಗತ್ತಿನ ಮ್ಯೂಸಿಯಮ್ಮುಗಳಲ್ಲಿ ಕೂತಿದೆ ನೋಡ್ರಿ. ಆ ಹೆಸರು ಹೇಳಿಕೊಟ್ಟ ಒಬ್ಬನೇ ಒಬ್ಬ ವಡ್ಡರ ಹೆಸರು ಮಾತ್ರ ಯಾವ ಇಲಿಯ ಹೆಸರಿನಲ್ಲೂ ಇಲ್ಲ.

ಆ ಪಟ್ಟಿಯಲ್ಲಿ ನಮ್ಮನ್ನು ಹೆಚ್ಚು ಕಾಡಿದ್ದು 1826ರ ಮಳೆಗಾಲದ ವಿಷಯ. ನಮ್ಮ ಎರೆಭೂಮಿ ಬೇಸಿಗೆಯಲ್ಲಿ ಬಿರುಕು ಬಿಡುತ್ತದೆ. ಆ ಬಿರುಕುಗಳೇ ಮೆಟ್ಟಾಡೆಗೆ ಮನೆ. ಮಳೆ ಚೆನ್ನಾಗಿ ಬಿದ್ದರೆ ಬಿರುಕು ಮುಚ್ಚಿ ಲೆಕ್ಕವಿಲ್ಲದಷ್ಟು ಇಲಿ ಅಲ್ಲೇ ಸಾಯುತ್ತವೆ. ಆ ವರ್ಷ ಶುರುವಿನ ಮಳೆ ಕೈಕೊಟ್ಟಿತು, ಬಿರುಕು ಮುಚ್ಚಲಿಲ್ಲ, ಇಲಿಗಳು ವಿಪರೀತ ಹೆಚ್ಚಿದವು. ಬಿತ್ತಿದ ಕಾಳನ್ನು ತಿಂದವು. ಉಳಿದು ಬೆಳೆದ ಜೋಳದ ದಂಟು ಹತ್ತಿ ತೆನೆ ಕತ್ತರಿಸಿ ಕೆಡವಿ ತಿಂದವು. ರೈತರು ವಡ್ಡರನ್ನು ಕರೆಸಿ, ಇಷ್ಟು ಡಜನ್ ಇಲಿಗೆ ಇಷ್ಟು ಅಳತೆ ಕಾಳು ಅಂತ ಕೂಲಿ ಗೊತ್ತು ಮಾಡಿ ಸಾವಿರಗಟ್ಟಲೆ ಕೊಲ್ಲಿಸಿದರು. ಆದರೂ ಕಡಿಮೆ ಆಗಲಿಲ್ಲ. ಹೊಲಕ್ಕೆ ಹೊಲವೇ ಹಾಳಾಗಿ ರೈತರು ಕಂದಾಯ ಕಟ್ಟಲಾಗದೆ ಹೋದದ್ದನ್ನು ಎಲಿಯಟ್ ಕಣ್ಣಾರೆ ಕಂಡು ಬರೆದ.

ಕಂದಾಯ ವಸೂಲಿ ಮಾಡುವವನು ಇಲಿಯ ಬಗ್ಗೆ ಯಾಕೆ ಇಷ್ಟು ಬರೆದ ಅನ್ನೋದಕ್ಕೆ ಉತ್ತರ ಇಲ್ಲೇ ಇದೆ. ಕಂಪನಿಯ ಹಣ ಬರೋದು ಜೋಳದಿಂದ. ಜೋಳ ನಿಂತಿರೋದು ಮಳೆ, ಮಣ್ಣು, ಇಲಿ ಇವುಗಳ ನಡುವಿನ ಲೆಕ್ಕದ ಮೇಲೆ. ಆ ಲೆಕ್ಕದಲ್ಲಿ ಇನ್ನೊಂದು ಅಂಕಿ ಇದೆ, ಅದೇ ಕಾಡುಬೆಕ್ಕು. ಇತ್ತೀಚೆಗೆ ರಾಜಸ್ಥಾನದ ಸರಿಸ್ಕಾದಲ್ಲಿ ನಡೆದ ಅಧ್ಯಯನದ ಪ್ರಕಾರ ಒಂದು ಕಾಡುಬೆಕ್ಕು ದಿನಕ್ಕೆ ಮೂರರಿಂದ ಐದು ಇಲಿಗಳನ್ನು ತಿನ್ನುತ್ತದೆ. ಮೂರೇ ಅಂತ ಹಿಡಿದರೂ ವರ್ಷಕ್ಕೆ ಸಾವಿರದ ಮೇಲೆ. ಕೂಲಿ ಇಲ್ಲ, ಅಳತೆ ಕಾಳೂ ಇಲ್ಲ.

1833ರ ಡಿಸೆಂಬರಿನಲ್ಲಿ ಎಲಿಯಟ್ ರಜೆ ಮೇಲೆ ಮುಂಬಯಿ ಬಿಟ್ಟ. ಕೆಂಪು ಸಮುದ್ರ, ಈಜಿಪ್ಟಿನ ಮರುಭೂಮಿ, ನೈಲ್ ನದಿ, ಪ್ಯಾಲೆಸ್ಟೈನ್ ಎಲ್ಲ ಸುತ್ತಿ 1835ರ ಮೇನಲ್ಲಿ ಇಂಗ್ಲೆಂಡ್ ಮುಟ್ಟಿದ. ಅವನು ಜೆರುಸಲೇಮಿನಲ್ಲಿದ್ದ 1834ರ ಈಸ್ಟರಿನ ಆಸುಪಾಸಿನಲ್ಲೇ ಡಾರ್ವಿನ್ ಸಾಂತಾ ಕ್ರೂಸ್ ನದಿ ಕಡೆ ಇದ್ದ. ಆಗ ಇಬ್ಬರಿಗೂ ಪರಸ್ಪರ ಪರಿಚಯ ಇರಲಿಲ್ಲ. ಅವರು ಮಾತಾಡಿದ್ದು 1855ರಲ್ಲಿ, ಗ್ಲಾಸ್ಗೋದ ವಿಜ್ಞಾನ ಸಮ್ಮೇಳನದಲ್ಲಿ. ಮರುವರ್ಷವೇ ಡಾರ್ವಿನ್ ಪತ್ರ ಬರೆದು ಭಾರತದ ಸಾಕುಪಾರಿವಾಳ, ಕೋಳಿಗಳ ಚರ್ಮದ ಮಾದರಿ ಕಳಿಸಲು ಕೇಳಿಕೊಂಡ. ಎಲಿಯಟ್ ಮದ್ರಾಸಿನಿಂದ ಕಳಿಸಿದ. 1859ರ ಜಾತಿಗಳ ಉಗಮದ ಪುಸ್ತಕದಲ್ಲಿ ಪಾರಿವಾಳದ ಅಧ್ಯಾಯ ಓದಿದವರಿಗೆ ಈ ಉಪಕಾರ ಸ್ಮರಣೆ ಕಣ್ಣಿಗೆ ಬಿದ್ದಿರುತ್ತದೆ.

ಕಾಡುಬೆಕ್ಕಿನ ಸುದ್ದಿಯೂ ಹೀಗೇ ಹೋಗಿದ್ದು. ಮದ್ರಾಸಿನ ಹತ್ತಿರ ಎಲಿಯಟ್ ಒಮ್ಮೆ ಕಾಡಿನ ಬೆಕ್ಕಿನ ಮರಿಗಳನ್ನು ಕೊಂದಿದ್ದ. ಬೇಟೆ ಆ ಕಾಲದ ಸಾಹೇಬರ ಅಭ್ಯಾಸ, ಇವನೂ ಅದಕ್ಕೆ ಹೊರತಲ್ಲ. ಆ ಮರಿಗಳ ದಪ್ಪ ಬಾಲ, ಮುಂಗಾಲಿನ ಒಳಮೈಯ ಅಗಲ ಕಂದು ಪಟ್ಟೆ ನೋಡಿ ಇವು ಕಾಡುಬೆಕ್ಕು ಮತ್ತು ಮನೆ ಬೆಕ್ಕಿನ ಮಿಶ್ರತಳಿ ಅಂತ ತೀರ್ಮಾನಿಸಿದ. ಅದೇ ಪಟ್ಟೆಯನ್ನು ಭಾರತದ ಮನೆ ಬೆಕ್ಕುಗಳಲ್ಲೂ ಎಷ್ಟೋ ಸಲ ಕಂಡಿದ್ದೇನೆ ಅಂತ ಡಾರ್ವಿನ್‌ಗೆ ತಿಳಿಸಿದ. ಇದನ್ನು ಓದಿದ ದಿನ ನಾವು ಹಾಸ್ಟೆಲ್ ಮೆಸ್ಸಿನ ಬೆಕ್ಕನ್ನು ಹಿಡಿದು ಮುಂಗಾಲು ಎತ್ತಿ ನೋಡಲು ಹೋದೆವು. ಪಟ್ಟೆ ಇದ್ದಂತಿತ್ತು. ಖಾತ್ರಿ ಮಾಡಿಕೊಳ್ಳುವಷ್ಟರಲ್ಲಿ ಅದು ಇಬ್ಬರ ಕೈ ಪರಚಿ ಹೋಯ್ತು. ಅಂದ ಹಾಗೆ, ಮನೆ ಬೆಕ್ಕಿನ ಮೂಲ ಪಶ್ಚಿಮ ಏಷ್ಯಾ ಕಡೆಯ ಇನ್ನೊಂದು ಕಾಡುಬೆಕ್ಕು ಅಂತ ಈಗ ಡಿಎನ್ಎ ಪರೀಕ್ಷೆಗಳು ಹೇಳುತ್ತವೆ. ಕಾಲಿನ ಪಟ್ಟೆಯೊಂದೇ ಸಾಕ್ಷಿಯಾಗೋದಿಲ್ಲ. ಆದರೆ ಎಲಿಯಟ್ ಕಂಡದ್ದನ್ನು ಕಂಡ ಹಾಗೆ ಬರೆದಿದ್ದರಿಂದಲೇ ನಾವು ಇವತ್ತು ಅದನ್ನು ಪರೀಕ್ಷೆಗೆ ಒಡ್ಡಬಹುದು.

ಬಾಕಿ ಜೀವನ ಮದ್ರಾಸ್ ಕಡೆಯದು. 1836ರಲ್ಲಿ ಹೊಸ ಗವರ್ನರ್ ಲಾರ್ಡ್ ಎಲ್ಫಿನ್‌ಸ್ಟನ್‌ನ ಖಾಸಗಿ ಕಾರ್ಯದರ್ಶಿಯಾಗಿ ಮರಳಿ ಹೊರಟು ಬಂದ. 1839ರಲ್ಲಿ ಮಾಲ್ಟಾ ದ್ವೀಪದಲ್ಲಿ ಮದುವೆ. 1845ರಲ್ಲಿ ಗುಂಟೂರಿನ ಹದಗೆಟ್ಟ ಕಂದಾಯ ವ್ಯವಸ್ಥೆ ಪರಿಶೀಲನೆಗೆ ಹೋದವನು ಅಮರಾವತಿಯ ಬೌದ್ಧ ಸ್ತೂಪವನ್ನು ಅಗೆಸಿ ಶಿಲ್ಪಗಳನ್ನು ಮದ್ರಾಸಿಗೆ ಸಾಗಿಸಿದ. ಮುಂದೆ ಅವು ಲಂಡನ್ ಸೇರಿ ಬಹಳ ಕಾಲ ಎಲಿಯಟ್ ಅಮೃತಶಿಲೆಗಳು ಅಂತಲೇ ಕರೆಸಿಕೊಂಡವು. ಈಗಲೂ ಬ್ರಿಟಿಷ್ ಮ್ಯೂಸಿಯಮ್ಮಿನಲ್ಲಿವೆ. ಉಳಿಸಿದ ಅನ್ನಬೇಕೋ ಒಯ್ದ ಅನ್ನಬೇಕೋ, ಎರಡೂ ಸತ್ಯ. 1854ರಲ್ಲಿ ಗವರ್ನರನ ಕೌನ್ಸಿಲ್ ಸದಸ್ಯನಾದ. 1858ರಲ್ಲಿ ಭಾರತದ ಆಡಳಿತ ಕಂಪನಿಯಿಂದ ರಾಣಿ ವಿಕ್ಟೋರಿಯಾಳ ಕೈಗೆ ಹೋದಾಗ ಗವರ್ನರ್‌ಗೆ ಹುಷಾರಿರಲಿಲ್ಲ. ಹಾಗಾಗಿ ಮದ್ರಾಸಿನಲ್ಲಿ ಆ ಘೋಷಣೆ ಮಾಡುವ ಕೆಲಸ ಹಿರಿಯ ಸದಸ್ಯ ಎಲಿಯಟ್ ಪಾಲಿಗೆ ಬಂತು. 34 ವರ್ಷದ ಹಿಂದೆ ಒಬ್ಬ ರಾಣಿಯ ಕೈದಿಯಾಗಿದ್ದವನು ಇನ್ನೊಬ್ಬ ರಾಣಿಯ ಆಳ್ವಿಕೆ ಸಾರಿದ.

1860ರಲ್ಲಿ ನಿವೃತ್ತಿ. ಅದಕ್ಕೂ ಮುಂಚೆ, 1859ರಲ್ಲಿ, ತೆಲುಗು ಜಿಲ್ಲೆಗಳ ಗಿಡಗಳ ಪಟ್ಟಿಯೊಂದನ್ನು ಅಚ್ಚು ಹಾಕಿಸಿದ. ಅಲ್ಲೂ ಅದೇ ಹಟ, ಊರಿನ ಹೆಸರು ಮತ್ತು ಶಾಸ್ತ್ರೀಯ ಹೆಸರು ಪಕ್ಕಪಕ್ಕದಲ್ಲಿ. 1866ರಲ್ಲಿ ಸರ್ ಪದವಿ. ಸ್ಕಾಟ್ಲೆಂಡಿನ ಮನೆಯಲ್ಲಿ ಕೂತು ದಕ್ಷಿಣ ಭಾರತದ ನಾಣ್ಯಗಳ ಮೇಲೆ ದೊಡ್ಡ ಪುಸ್ತಕ ಬರೆದ. ಅದು ಹೊರಬರುವ ಹೊತ್ತಿಗೆ ಅವನ ಕಣ್ಣು ಹೋಗಿತ್ತು. ನಾಣ್ಯದ ಅಕ್ಷರ ಓದುತ್ತಿದ್ದವನು, ಬೆಕ್ಕಿನ ಕಾಲಿನ ಪಟ್ಟೆ ಗುರುತಿಸುತ್ತಿದ್ದವನು ಕೊನೆಗೆ ಬೇರೆಯವರ ಕಣ್ಣಿನಿಂದ ಓದಿಸಿಕೊಳ್ಳಬೇಕಾಯ್ತು. 1887ರ ಮಾರ್ಚ್ 1ರಂದು ತೀರಿಕೊಂಡ. ಆ ದಿನವೂ ತಮಿಳು ವಿದ್ವಾಂಸ ಪೋಪ್‌ಗೆ ಕುರಳ್ ಆವೃತ್ತಿಯ ವಿಚಾರವಾಗಿ ಒಂದು ಪತ್ರ ಹೇಳಿ ಬರೆಸಿ, ತಾನೇ ಸಹಿ ಹಾಕಿದ್ದ.

ಇಷ್ಟೆಲ್ಲ ಓದಿ ಮುಗಿಸಿದ ಮೇಲೆ ನಾವು ನಾಲ್ಕು ಜನ ಒಂದು ಭಾನುವಾರ ಬಸ್ ಹತ್ತಿ ಖಾನಾಪುರಕ್ಕೆ ಹೋದೆವು. ಊರು ದಾಟಿ ಪಶ್ಚಿಮಕ್ಕೆ ಹೋದರೆ ಭೀಮಗಡ ಅಭಯಾರಣ್ಯ. 2011ರಲ್ಲಿ ಘೋಷಣೆಯಾದ, ಸುಮಾರು 190 ಚದರ ಕಿಲೋಮೀಟರಿನ ಕಾಡು. ಅದಕ್ಕೆ ಬೋರ್ಡಿದೆ, ಕಾನೂನಿದೆ, ಕಾವಲಿದೆ. ನಮ್ಮ ಗೆಳೆಯನ ಬೆಕ್ಕು ಅಲ್ಲಿರೋದಕ್ಕಿಂತ ಹೆಚ್ಚಾಗಿ ಇತ್ತ ಕಡೆ, ಕಬ್ಬಿನ ಗದ್ದೆ, ಹುಲ್ಲಿನ ಬಯಲು, ಹಳ್ಳದ ದಂಡೆಯಲ್ಲಿ ಇರುವ ಪ್ರಾಣಿ. ಈ ಜಾಗಗಳಿಗೆ ನಮ್ಮ ದಾಖಲೆಯಲ್ಲಿ ಇರುವ ಹೆಸರು ಬೀಳು, ಖಾಲಿ ಜಾಗ, ಗಾಯರಾಣ. ಸರ್ವೆ ಮಾಡಲು ಕಲಿಯುವ ನಾವೇ ನಾಳೆ ನಕಾಶೆಯ ಮೇಲೆ ಇವನ್ನು ಖಾಲಿ ಅಂತ ಬರೆದು ರಸ್ತೆಯನ್ನೋ, ಲೇಔಟನ್ನೋ, ಸೋಲಾರ್ ಪ್ಲಾಂಟನ್ನೋ ಎಳೆಯುವವರು. ಪಂಪಾಸಿನಲ್ಲೂ ಆಗಿದ್ದು ಇದೇ. ಹುಲ್ಲುಗಾವಲು ಉತ್ತು ಸೋಯಾ ಬಿತ್ತಿದರು, ಹುಲ್ಲಿನ ಬೆಕ್ಕಿನ ಜಾಗ ಕಿರಿದಾಯ್ತು. ಎಲಿಯಟ್ ಓಡಾಡಿದ ಕಾಲಕ್ಕೆ ದಖ್ಖನಿನ ಬಯಲಲ್ಲಿ ಚೀತಾ ಇತ್ತು. ಕನ್ನಡದಲ್ಲಿ ಅದಕ್ಕೆ ಸಿವಂಗಿ ಅನ್ನೋ ಸೊಗಸಾದ ಹೆಸರೂ ಇತ್ತು. 1952ರಲ್ಲಿ ಅದು ದೇಶದಿಂದಲೇ ಅಳಿಯಿತು ಅಂತ ಸರ್ಕಾರ ಸಾರಿತು. ಮೊದಲು ಪ್ರಾಣಿ ಹೋಯ್ತು, ಆಮೇಲೆ ಹೆಸರೂ ಬಾಯಿಂದ ಹೋಯ್ತು.

ಆ ದಿನ ನಮಗೆ ಬೆಕ್ಕು ಕಾಣಲಿಲ್ಲ. ವಾಪಸ್ ಬರುವಾಗ ರಸ್ತೆ ಅಂಚಿನಲ್ಲಿ ಒಂದು ಕಂಡಿತು, ಯಾವುದೋ ಗಾಡಿ ಹೊಡೆದು ಹೋಗಿತ್ತು. ಬಾಲದ ತುದಿಗೆ ಕಪ್ಪು ಉಂಗುರ, ಕಿವಿ ತುದಿಗೆ ಸಣ್ಣ ಕುಚ್ಚು, ಮುಂಗಾಲಿನ ಒಳಗೆ ಕಂದು ಪಟ್ಟೆ. ಮೆಸ್ಸಿನ ಬೆಕ್ಕಿನ ಮೇಲೆ ಖಾತ್ರಿಯಾಗದ ಪಟ್ಟೆ ಇಲ್ಲಿ ಸ್ಪಷ್ಟ ಇತ್ತು. ಗೆಳೆಯ ಅದನ್ನು ಎತ್ತಿ ಹುಲ್ಲಿನ ಮೇಲೆ ಮಲಗಿಸಿದ. ನಾವು ಸ್ಕೇಲ್ ಇಟ್ಟು ಅಳೆದು, ಜಾಗ, ತಾರೀಖು, ಸಮಯ ಬರೆದುಕೊಂಡೆವು. ಅವರ ಊರಲ್ಲಿ ಅದಕ್ಕೆ ಏನಂತಾರೆ ಅನ್ನೋದನ್ನೂ ಬರೆದೆವು.

ಅದು ನಮ್ಮ ಪಟ್ಟಿಯ ಮೊದಲ ಸಾಲು. ಕ್ಲಬ್ಬಿನಿಂದ ಒಂದು ಎಕ್ಸೆಲ್ ಶೀಟ್ ಶುರು ಮಾಡಿದ್ದೇವೆ. ಕಾಲಂ ಐದೇ: ಪ್ರಾಣಿ, ಜಾಗ, ದಿನ, ಊರಿನವರು ಕರೆಯುವ ಹೆಸರು, ಮತ್ತು ಆ ಹೆಸರು ಹೇಳಿದವರು ಯಾರು. ಕೊನೆಯ ಕಾಲಂ ಎಲಿಯಟ್‌ನ ಪಟ್ಟಿಯಲ್ಲಿ ಇರಲಿಲ್ಲ. ರಜೆಗೆ ಊರಿಗೆ ಹೋದಾಗ ನಿಮ್ಮ ಅಜ್ಜನ ಹತ್ತಿರ, ಹೊಲದಲ್ಲಿ ಕೆಲಸ ಮಾಡುವವರ ಹತ್ತಿರ ಕೇಳಿಕೊಂಡು ಬನ್ನಿ. ಅವರು ಒಪ್ಪಿದರೆ ಅವರ ಹೆಸರನ್ನೂ ತುಂಬೋಣ.